ಒಂದೇ ರೂಪಾಯಿ, ಎರಡು ಬೆಲೆಮಟ್ಟ: ಕಾಸರಗೋಡಿನ ಕೊಳ್ಳುವ ಶಕ್ತಿ



2017ರಲ್ಲಿ ಒಂದು ಅಮೆರಿಕನ್ ಡಾಲರಿಗೆ ಸರಾಸರಿ 65 ರೂಪಾಯಿ 12 ಪೈಸೆ ವಿನಿಮಯ ದರವಿತ್ತು. ಅದೇ ವರ್ಷ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಮತ್ತು ಸೇವೆಯನ್ನು ಭಾರತದಲ್ಲಿ ಕೊಳ್ಳಲು 20 ರೂಪಾಯಿ 65 ಪೈಸೆ ಸಾಕಿತ್ತು. ವಿಶ್ವಬ್ಯಾಂಕಿನ ನೇತೃತ್ವದಲ್ಲಿ ನಡೆಯುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದ ಲೆಕ್ಕ ಇದು. ಈ ಎರಡನೆಯ ಅಂಕಿಯನ್ನು ಅರ್ಥಶಾಸ್ತ್ರದಲ್ಲಿ ಕೊಳ್ಳುವ ಶಕ್ತಿಯ ಸಮಾನತೆ ಎನ್ನುತ್ತಾರೆ. ಪತ್ರಿಕೆಗಳಲ್ಲಿ ನೀವು ಪಿಪಿಪಿ ಎಂದು ಓದಿರುತ್ತೀರಿ. ಭಾರತ ಜಗತ್ತಿನ ಮೂರನೆಯ ದೊಡ್ಡ ಅರ್ಥವ್ಯವಸ್ಥೆ ಎಂಬ ಮಾತು ಆ ವರ್ಷದ ಲೆಕ್ಕದಲ್ಲಿ ಬಂದದ್ದು ಈ ಅಳತೆಗೋಲಿನಿಂದಲೇ. 1968ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಮತ್ತು ವಿಶ್ವಸಂಸ್ಥೆ ಸೇರಿ ಈ ಹೋಲಿಕೆಯ ಕೆಲಸಕ್ಕೆ ಕೈಹಾಕಿದಾಗ ಮೊದಲ ಸುತ್ತಿಗೆ ಆರಿಸಿಕೊಂಡ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ದೇಶ ದೇಶಗಳ ನಡುವೆ ಇಷ್ಟು ಶ್ರದ್ಧೆಯಿಂದ ಮಾಡುವ ಈ ಲೆಕ್ಕವನ್ನು ನಮ್ಮ ದೇಶದೊಳಗೆ ನಾವು ಮಾಡಿಕೊಂಡಿಲ್ಲ ಎಂಬುದೇ ಇಂದಿನ ನನ್ನ ಮಾತಿನ ತಿರುಳು. ಅಮೆರಿಕದಲ್ಲಿ ಯಾವ ರಾಜ್ಯದಲ್ಲಿ ಬದುಕು ಎಷ್ಟು ದುಬಾರಿ ಎಂಬ ಅಧಿಕೃತ ಅಂಕಿ ಪ್ರತಿವರ್ಷ ಪ್ರಕಟವಾಗುತ್ತದೆ. ನಮ್ಮಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ರೂಪಾಯಿ ಒಂದೇ, ಆದ್ದರಿಂದ ಅದರ ಬೆಲೆಯೂ ಒಂದೇ ಎಂದು ಸರಕಾರದ ಹೆಚ್ಚಿನ ಯೋಜನೆಗಳು ಭಾವಿಸಿಕೊಂಡಿವೆ. ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಎರಡೂ ಬದಿಗಳಲ್ಲಿ ಬಾಳುವ ನಮಗೆ ಅದು ನಿಜವಲ್ಲ ಎಂದು ಗೊತ್ತು. ಎಷ್ಟು ನಿಜವಲ್ಲ, ಯಾಕೆ ನಿಜವಲ್ಲ, ಅದರಿಂದ ಯಾರಿಗೆ ನಷ್ಟ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಧಿಕೃತ ಅಂಕಿ ಇಲ್ಲದಿದ್ದರೂ ಒಂದು ಜಾಗದಲ್ಲಿ ಅದು ಅಡಗಿ ಕುಳಿತಿದೆ. 2009ರಲ್ಲಿ ವರದಿ ಕೊಟ್ಟ ಸುರೇಶ್ ತೆಂಡೂಲ್ಕರ್ ಸಮಿತಿ ಬಡತನ ರೇಖೆಯನ್ನು ಹೊಸದಾಗಿ ಎಳೆಯಿತು. ರೇಖೆ ಎಲ್ಲಿರಬೇಕಿತ್ತು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಅದು ನಮಗೆ ಈಗ ಬೇಡ. ಆ ಸಮಿತಿ ಒಂದೇ ಜೀವನಮಟ್ಟಕ್ಕೆ ಬೇರೆ ಬೇರೆ ರಾಜ್ಯಗಳಲ್ಲಿ ಎಷ್ಟು ಹಣ ಬೇಕು ಎಂದು, ಜನ ನಿಜವಾಗಿ ಕೊಟ್ಟ ಬೆಲೆಗಳ ಆಧಾರದ ಮೇಲೆ ಲೆಕ್ಕ ಹಾಕಿತು ಎಂಬುದಷ್ಟೇ ಮುಖ್ಯ. 2004–05ರಲ್ಲಿ ಕರ್ನಾಟಕದ ಹಳ್ಳಿಯಲ್ಲಿ ತಲಾ ತಿಂಗಳಿಗೆ 417 ರೂಪಾಯಿ 84 ಪೈಸೆ ಸಾಕಾಗುವ ಬದುಕಿಗೆ ಕೇರಳದ ಹಳ್ಳಿಯಲ್ಲಿ 537 ರೂಪಾಯಿ 31 ಪೈಸೆ ಬೇಕಿತ್ತು. ಅಂದರೆ ಶೇಕಡಾ 28ಕ್ಕೂ ಹೆಚ್ಚು. 2011–12ಕ್ಕೆ ಅದೇ ವಿಧಾನದಲ್ಲಿ ಬಂದ ಅಂಕಿಗಳು ಕರ್ನಾಟಕಕ್ಕೆ 902, ಕೇರಳಕ್ಕೆ 1,018. ಅಂತರ ಶೇಕಡಾ 13ಕ್ಕೆ ಇಳಿದಿದೆ, ಅಳಿದಿಲ್ಲ.

ಪಟ್ಟಣದ ಅಂಕಿಗಳಿಗೆ ಬಂದರೆ ಚಿತ್ರ ತಿರುಗುತ್ತದೆ. 2011–12ರಲ್ಲಿ ಕರ್ನಾಟಕದ ಪಟ್ಟಣಗಳಿಗೆ 1,089, ಕೇರಳದ ಪಟ್ಟಣಗಳಿಗೆ 987. ಬೆಂಗಳೂರಿನ ಭಾರ ಅಲ್ಲಿ ಕಾಣುತ್ತದೆ. ಅದಕ್ಕಿಂತ ವಿಶೇಷವಾದದ್ದು ಕೇರಳದೊಳಗಿನ ಸಂಗತಿ: ಅಲ್ಲಿ ಹಳ್ಳಿಯ ರೇಖೆ ಪಟ್ಟಣದ ರೇಖೆಗಿಂತ ಮೇಲಿದೆ. ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಊರು ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಎಂದು ದಾರಿಯುದ್ದಕ್ಕೂ ತಿಳಿಯುವುದಿಲ್ಲ. ಆಳಿನ ಸಂಬಳಕ್ಕೂ ಅದು ತಿಳಿಯುವುದಿಲ್ಲ.

ಹಾಗಾದರೆ ಈ ಅಂತರ ಯಾವ ವಸ್ತುವಿನಲ್ಲಿದೆ? ಒಂದು ಅಡಿಕೆ ತೋಟದ ಖರ್ಚುಪಟ್ಟಿಯನ್ನೇ ಎದುರಿಗಿಟ್ಟುಕೊಳ್ಳೋಣ. ಮಳೆಗಾಲ ಬಲವಾಗುವ ಮೊದಲು ಮಹಾಳಿ ರೋಗಕ್ಕೆ ಮದ್ದು ಬಿಡಬೇಕು; ಮತ್ತೆ ನಲವತ್ತು, ನಲವತ್ತೈದು ದಿನ ಕಳೆದು ಇನ್ನೊಮ್ಮೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿಗೆ ಗಡಿಯ ಈಚೆ ಪೆರ್ಲದಲ್ಲಿ ಏನು ಬೆಲೆಯೋ ಆಚೆ ಅಡ್ಯನಡ್ಕದಲ್ಲೂ ಹೆಚ್ಚುಕಡಿಮೆ ಅದೇ. ದೊಡ್ಡ ವ್ಯತ್ಯಾಸ ಬಂದರೆ ಜೀಪು ಮಾಡಿಕೊಂಡು ಹೋಗಿ ಆಚೆಯಿಂದ ತರುವವರಿದ್ದಾರೆ, ಬೆಲೆ ತಾನೇ ಸಮವಾಗುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಇಂಥ ಸರಕುಗಳಲ್ಲಿ ತೆರಿಗೆಯ ವ್ಯತ್ಯಾಸವೂ ಇಲ್ಲವಾಯಿತು. ಬೆಳೆದ ಅಡಿಕೆಯ ಧಾರಣೆಯೂ ಹೀಗೆಯೇ. 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿಯಾಗಿ ಹುಟ್ಟಿದ ಕ್ಯಾಂಪ್ಕೋ ಮಂಗಳೂರಿನಲ್ಲಿ ಧಾರಣೆ ಹೇಳಿದರೆ ಬದಿಯಡ್ಕದವರಿಗೂ ಪುತ್ತೂರಿನವರಿಗೂ ಅದೇ ಧಾರಣೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕರಿಗೋಟು ಎಂದು ವಿಂಗಡಿಸಿ ಗೋಣಿಗೆ ತುಂಬಿಸಿದ ಮೇಲೆ ಅದು ಯಾವ ರಾಜ್ಯದ ಮರದ್ದು ಎಂದು ಕೊಳ್ಳುವವರು ಕೇಳುವುದಿಲ್ಲ.

ಮದ್ದಿನ ಬೆಲೆ ಹೊರಗಿನದು, ಅಡಿಕೆಯ ಬೆಲೆ ಹೊರಗಿನದು. ನಡುವೆ ಮರ ಏರಿ ಮದ್ದು ಬಿಡುವವರ, ಕೊಯ್ಯುವವರ, ಹೆಕ್ಕುವವರ, ಸುಲಿಯುವವರ ಸಂಬಳ ಮಾತ್ರ ಈ ಊರಿನದು. ಆ ಸಂಬಳ ದೇಶದ ಉಳಿದ ಕಡೆಗಿಂತ ಎಷ್ಟು ಬೇರೆ ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಕೈಪಿಡಿಯಲ್ಲಿ ಅಂಕಿಗಳಿವೆ. 2022–23ರಲ್ಲಿ ಗ್ರಾಮೀಣ ಕೃಷಿ ಕಾರ್ಮಿಕರ ದಿನಗೂಲಿ ದೇಶದ ಸರಾಸರಿ 345 ರೂಪಾಯಿ 70 ಪೈಸೆ. ಕೇರಳದಲ್ಲಿ 764 ರೂಪಾಯಿ 30 ಪೈಸೆ. ಮಧ್ಯಪ್ರದೇಶದಲ್ಲಿ 229 ರೂಪಾಯಿ 20 ಪೈಸೆ. ಕಟ್ಟಡ ಕೆಲಸಕ್ಕೆ ದೇಶದ ಸರಾಸರಿ 393 ರೂಪಾಯಿ 30 ಪೈಸೆಯಾದರೆ ಕೇರಳದಲ್ಲಿ 852 ರೂಪಾಯಿ 50 ಪೈಸೆ. ಎರಡು ಪಟ್ಟಿಗೂ ಹೆಚ್ಚು. ದುಡಿಯುವವರಿಗೆ ಮರ್ಯಾದೆಯ ಸಂಬಳ ಸಿಗುವುದು ಈ ನಾಡಿನ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಅದನ್ನು ದೂರುವುದಕ್ಕೆ ಈ ಅಂಕಿಗಳನ್ನು ಹೇಳುತ್ತಿಲ್ಲ. ಅದರ ಭಾರ ಯಾರ ಹೆಗಲ ಮೇಲೆ ಹೇಗೆ ಹಂಚಿಹೋಗಿದೆ ಎಂದು ಕೇಳುವುದಕ್ಕೆ ಹೇಳುತ್ತಿದ್ದೇನೆ.

ಈಗ ಸಿದ್ಧಾಂತದ ಕಡೆಗೆ ಸ್ವಲ್ಪ ತಿರುಗಬೇಕು. ಕೊಳ್ಳುವ ಶಕ್ತಿಯ ಸಮಾನತೆ ಎಂಬ ಹೆಸರನ್ನು 1918ರಲ್ಲಿ ಬಳಕೆಗೆ ತಂದವರು ಸ್ವೀಡನ್ನಿನ ಗುಸ್ತಾವ್ ಕ್ಯಾಸೆಲ್. ಒಂದನೇ ಮಹಾಯುದ್ಧದಿಂದ ಯುರೋಪಿನ ನಾಣ್ಯಗಳೆಲ್ಲ ಅಸ್ತವ್ಯಸ್ತವಾಗಿದ್ದ ಕಾಲ. ಎರಡು ದೇಶಗಳ ಬೆಲೆಮಟ್ಟದಲ್ಲಿ ವ್ಯತ್ಯಾಸ ಬಂದರೆ ವಿನಿಮಯ ದರ ಹೊಂದಿಕೊಂಡು ಅದನ್ನು ಸರಿಪಡಿಸಬೇಕು ಎಂಬುದು ಅವರ ವಾದ. ಆದರೆ ಬಡದೇಶಗಳಲ್ಲಿ ಬೆಲೆಮಟ್ಟ ಯಾವಾಗಲೂ ತಗ್ಗಿನಲ್ಲೇ ಉಳಿಯುತ್ತದೆ, ಸರಿಹೋಗುವುದಿಲ್ಲ. ಇದಕ್ಕೆ 1964ರಲ್ಲಿ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್‌ಸನ್ ಬೇರೆ ಬೇರೆಯಾಗಿ ಒಂದೇ ವಿವರಣೆ ಕೊಟ್ಟರು. ಶ್ರೀಮಂತ ದೇಶದ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಹೆಚ್ಚು ಸರಕು ತಯಾರಿಸುತ್ತಾನೆ, ಆದ್ದರಿಂದ ಅವನ ಸಂಬಳ ಹೆಚ್ಚು. ಅದೇ ಊರಿನ ಕ್ಷೌರಿಕ ನಮ್ಮ ಊರಿನ ಕ್ಷೌರಿಕನಿಗಿಂತ ಬೇಗ ಕೂದಲು ಕತ್ತರಿಸುವುದಿಲ್ಲ. ಆದರೂ ಅವನು ಕತ್ತರಿ ಬಿಟ್ಟು ಕಾರ್ಖಾನೆಗೆ ಹೋಗದಿರಬೇಕಾದರೆ ಅವನಿಗೂ ಅಷ್ಟೇ ಸಂಬಳ ಸಿಗಬೇಕು. ಹೀಗೆ ಸೇವೆಗಳು ದುಬಾರಿಯಾಗುತ್ತವೆ, ಬೆಲೆಮಟ್ಟ ಏರುತ್ತದೆ. ಜಗದೀಶ್ ಭಗವತಿಯವರು 1984ರಲ್ಲಿ ಇನ್ನೊಂದು ದಾರಿ ತೋರಿಸಿದರು. ಬಡದೇಶದಲ್ಲಿ ಬಂಡವಾಳ ಕಡಿಮೆ, ದುಡಿಯುವ ಕೈಗಳು ಜಾಸ್ತಿ. ಕೈಗೆಲಸವೇ ಹೆಚ್ಚಾಗಿರುವ ಸೇವೆಗಳು ಅಲ್ಲಿ ಅಗ್ಗವಾಗುವುದು ಸಹಜ ಎಂದರು.

ಕೇರಳಕ್ಕೆ ಮೊದಲ ವಿವರಣೆಯನ್ನು ಹಾಗೇ ಹೊಂದಿಸಲು ಹೋದರೆ ಅದು ಕೈಕೊಡುತ್ತದೆ. ದೇಶದ ಸರಾಸರಿಯ ಎರಡು ಪಟ್ಟು ಕೂಲಿಯನ್ನು ಎಳೆದು ನಿಲ್ಲಿಸುವಂಥ ಕಾರ್ಖಾನೆಗಳು ಕಾಸರಗೋಡಿನಲ್ಲಿ ಎಲ್ಲಿವೆ? ನನ್ನ ತಿಳುವಳಿಕೆಯಲ್ಲಿ ಉತ್ತರ ಇಷ್ಟೇ: ಕಾಸರಗೋಡಿನ ಕಾರ್ಖಾನೆ ದುಬೈಯಲ್ಲಿದೆ, ಅಬುಧಾಬಿಯಲ್ಲಿದೆ, ದೋಹಾದಲ್ಲಿದೆ. ಇಲ್ಲಿಂದ ರಫ್ತಾಗುವುದು ದುಡಿಮೆ. ಚೆಮ್ನಾಡಿನ, ಉಪ್ಪಳದ, ಮೊಗ್ರಾಲಿನ ತರುಣರಿಗೆ ಅಲ್ಲಿ ಸಿಗುವ ಸಂಬಳವೇ ಇಲ್ಲಿ ಉಳಿದವರ ಸಂಬಳಕ್ಕೆ ಅಳತೆಯಾಯಿತು. ಅವರು ಕಳಿಸಿದ ಹಣ ಮನೆ ಕಟ್ಟುವುದಕ್ಕೆ, ಮದುವೆಗೆ, ಶಾಲೆಗೆ, ಆಸ್ಪತ್ರೆಗೆ, ಜಾಗ ಕೊಳ್ಳುವುದಕ್ಕೆ ಖರ್ಚಾಯಿತು. ಇವುಗಳಲ್ಲಿ ಯಾವುದನ್ನೂ ಕಡಿಮೆ ಬೆಲೆಯ ಊರಿನಿಂದ ಸುಲಭವಾಗಿ ಆಮದು ಮಾಡಲಾಗದು. 2023ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಆ ವರ್ಷ ರಾಜ್ಯಕ್ಕೆ ಬಂದ ಹಣ 2,16,893 ಕೋಟಿ ರೂಪಾಯಿ. 2018ರಲ್ಲಿ ಅದು 85,092 ಕೋಟಿ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ನಾಣ್ಯ. ಆದ್ದರಿಂದ ಡಾಲರಿನ ಎದುರು ರೂಪಾಯಿ ಕುಸಿದಾಗಲೆಲ್ಲ ಈ ಮನೆಗಳಿಗೆ ಬರುವ ರೂಪಾಯಿ ಹೆಚ್ಚಾಗುತ್ತದೆ. ಅದರೊಂದಿಗೆ ಇಲ್ಲಿನ ಜಾಗದ, ಮೇಸ್ತ್ರಿಯ, ಆಳಿನ ಬೆಲೆಯ ಮೇಲೆ ಒತ್ತಡ ಬೀಳುತ್ತದೆ. ಕೊಲ್ಲಿಗೆ ಯಾರನ್ನೂ ಕಳಿಸದ ಮನೆಯವರೂ ಆ ಬೆಲೆಯನ್ನೇ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೊಲ್ಲಿಯ ಹಣ ದಕ್ಷಿಣ ಕನ್ನಡಕ್ಕೂ ಬರುತ್ತದೆ, ಉಡುಪಿಗೂ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಕೊಲ್ಲಿಯ ಲೆಕ್ಕಕ್ಕೇ ಬರೆಯುವುದು ತಪ್ಪಾಗುತ್ತದೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಮಂಗಳೂರೇ ಅದರ ದೊಡ್ಡ ಪೇಟೆ. ಆ ದಿನ ಅದು ಕೇರಳಕ್ಕೆ ಸೇರಿದ್ದರಿಂದ ಕಾನೂನು, ಸಂಘಟನೆ, ರಾಜಕೀಯ ಬೇರೆಯಾದವು. ಅದರ ಪರಿಣಾಮ ಬೆಲೆಯಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದಕ್ಕೆ ಬೀಡಿ ಉದ್ಯಮದಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿತು. ಕೇರಳ ಅದನ್ನು 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ಬೀಡಿ ಮಾಲಿಕರು ಕಣ್ಣೂರು ಜಿಲ್ಲೆಯ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯಲ್ಲೇ ಇತ್ತು. 1984ರಲ್ಲಿ ಮಾತ್ರ ಬೇರೆ ಜಿಲ್ಲೆಯಾಯಿತು. ಕೆಲಸ ಕಳೆದುಕೊಂಡ ಸಾವಿರಾರು ಬೀಡಿ ಕಟ್ಟುವವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿಕೊಂಡಿತು. ಎಲೆ ಬೇರೆ ರಾಜ್ಯದ್ದು, ಹೊಗೆಸೊಪ್ಪು ಬೇರೆ ರಾಜ್ಯದ್ದು. ಕಟ್ಟುವ ಬೆರಳುಗಳ ಬೆಲೆ ಮಾತ್ರ ಗಡಿಯ ಎರಡು ಬದಿಗಳಲ್ಲಿ ಎರಡಾಯಿತು, ಉದ್ಯಮ ಕಡಿಮೆ ಬೆಲೆಯ ಬದಿಗೆ ಸರಿಯಿತು. ದೇಶ ದೇಶಗಳ ನಡುವೆ ಇಂಥದ್ದು ನಡೆದರೆ ನಾಣ್ಯದ ವಿನಿಮಯ ದರವನ್ನು ಇಳಿಸಿ ಸ್ವಲ್ಪ ಸರಿಪಡಿಸಿಕೊಳ್ಳುವ ದಾರಿ ಇದೆ. ಕಾಸರಗೋಡಿಗೆ ತನ್ನದೇ ರೂಪಾಯಿ ಇಲ್ಲ. ಇಲ್ಲಿ ಹೊಂದಾಣಿಕೆ ಆಗಬೇಕಾದರೆ ಉದ್ಯಮ ಹೊರಗೆ ಹೋಗಬೇಕು ಅಥವಾ ಕಾರ್ಮಿಕರು ಒಳಗೆ ಬರಬೇಕು. ಎರಡೂ ಆಗಿದೆ. ಕೇರಳದಲ್ಲಿ ಹೊರರಾಜ್ಯಗಳ ಸುಮಾರು 25 ಲಕ್ಷ ಕಾರ್ಮಿಕರಿದ್ದಾರೆ ಎಂದು ತಿರುವನಂತಪುರದ ಗುಲಾಟಿ ಸಂಸ್ಥೆಯ ಅಧ್ಯಯನ 2013ರಲ್ಲೇ ಅಂದಾಜು ಮಾಡಿತ್ತು. ಬಂಗಾಳ, ಅಸ್ಸಾಂ, ಬಿಹಾರ, ಒಡಿಶಾಗಳಿಂದ ಮೂರು ದಿನ ರೈಲಿನಲ್ಲಿ ಕುಳಿತು ಬರುವವರಿಗೆ ಕೊಳ್ಳುವ ಶಕ್ತಿಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ದುಡಿದು ಅಲ್ಲಿ ಖರ್ಚು ಮಾಡಿದರೆ ರೂಪಾಯಿ ದೊಡ್ಡದಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಸರಕುಗಳ ಬೆಲೆ ಗಡಿಯಾಚೀಚೆ ಸಮವಾಗುತ್ತದೆ ಎಂದೆ. ಸರಕಾರಗಳು ನಡುವೆ ಬಂದ ಕಡೆ ಅದೂ ಆಗುವುದಿಲ್ಲ. ಪೆಟ್ರೋಲು, ಡೀಸೆಲ್, ಮದ್ಯ ಇವು ಜಿಎಸ್‌ಟಿಯಿಂದ ಹೊರಗಿವೆ. ಕೇರಳ 2023ರ ಏಪ್ರಿಲ್‌ನಿಂದ ಇಂಧನದ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ತಲಪಾಡಿಯ ಕರ್ನಾಟಕ ಬದಿಯಲ್ಲಿ ಪೆಟ್ರೋಲ್ ಬಂಕುಗಳು ಯಾಕೆ ತುಂಬಿರುತ್ತವೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹಾಲಿನದು ಇನ್ನೂ ಸ್ವಾರಸ್ಯದ ವಿಚಾರ. 2023ರಲ್ಲಿ ಕರ್ನಾಟಕದ ನಂದಿನಿ ಹಾಲಿನ ಮಳಿಗೆಗಳು ಕೇರಳದಲ್ಲಿ ತೆರೆದಾಗ ಅಲ್ಲಿನ ಹಾಲು ಸಹಕಾರಿ ಮಿಲ್ಮಾ ಬಹಿರಂಗವಾಗಿ ಆಕ್ಷೇಪಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ನಂದಿನಿಯ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ. ಕೇರಳದಲ್ಲಿ ಮಿಲ್ಮಾದ ಹಾಲು 50 ರೂಪಾಯಿ ದಾಟಿತ್ತು. ಕರ್ನಾಟಕ ಸರಕಾರ ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತಿತ್ತು. ಕೇರಳದಲ್ಲಿ ಹುಲ್ಲು ತರುವವರ ಸಂಬಳವೇ ಬೇರೆ. ಎರಡೂ ಸಹಕಾರಿ ಸಂಸ್ಥೆಗಳು, ಎರಡೂ ಬೆಲೆಗಳ ಹಿಂದೆ ನ್ಯಾಯವಿದೆ. ಮಂಜೇಶ್ವರದಲ್ಲಿ ಎರಡು ದನ ಸಾಕಿದ ಮನೆಯವರಿಗೆ ಹೆಚ್ಚಿನ ಬೆಲೆ ಬೇಕು, ಪಕ್ಕದ ಮನೆಯಲ್ಲಿ ಮಕ್ಕಳಿಗೆ ಹಾಲು ಕೊಳ್ಳುವವರಿಗೆ ಕಡಿಮೆ ಬೆಲೆ ಬೇಕು.

ಸೇವೆಗಳನ್ನು ಆಮದು ಮಾಡಲಾಗದು ಎಂದೆನಷ್ಟೆ; ಕೊಳ್ಳುವವರೇ ಎದ್ದು ಹೋಗಬಹುದು. ಕಾಸರಗೋಡಿನವರು ತಲೆಮಾರುಗಳಿಂದ ಚಿಕಿತ್ಸೆಗೆ, ಕಾಲೇಜಿಗೆ ಮಂಗಳೂರಿಗೆ ಹೋಗುತ್ತಿದ್ದಾರೆ. 2020ರ ಮಾರ್ಚಿನಲ್ಲಿ ಕೋವಿಡ್ ತಡೆಗೆಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ಪ್ರಾಣ ಬಿಟ್ಟವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮಾರುಕಟ್ಟೆಯ ವ್ಯಾಪ್ತಿ ಎಂಬ ಪಠ್ಯಪುಸ್ತಕದ ಮಾತು ಮನುಷ್ಯರ ಜೀವದಲ್ಲಿ ಏನಾಗುತ್ತದೆ ಎಂದು ಆ ವಾರಗಳಲ್ಲಿ ಈ ಜಿಲ್ಲೆ ಕಂಡಿತು.

ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಬೆಲೆ ಸೂಚ್ಯಂಕ ಪ್ರತಿ ತಿಂಗಳು ಬರುತ್ತದಲ್ಲ, ಅದು ಸಾಲದೆ? ಸಾಲದು. 2025ರ ಆಗಸ್ಟಿನಲ್ಲಿ ಕೇರಳದ ಚಿಲ್ಲರೆ ಹಣದುಬ್ಬರ ಶೇಕಡಾ 9.04, ಕರ್ನಾಟಕದ್ದು 3.81, ದೇಶದ್ದು 2.07 ಎಂದು ಪ್ರಕಟವಾಯಿತು. ತೆಂಗಿನೆಣ್ಣೆಯ ಬೆಲೆ ಅಡುಗೆಮನೆಗೆ ಬೆಂಕಿ ಇಟ್ಟಿದ್ದ ಕಾಲ ಅದು. ಈ ಅಂಕಿ ಒಂದು ವರ್ಷದಲ್ಲಿ ಬೆಲೆ ಎಷ್ಟು ಏರಿತು ಎಂದು ಹೇಳುತ್ತದೆ, ಎಲ್ಲಿಂದ ಏರಿತು ಎಂದು ಹೇಳುವುದಿಲ್ಲ. ಆ ಸರಣಿಯಲ್ಲಿ ಕೇರಳಕ್ಕೂ 2012ರ ಬೆಲೆ 100, ಕರ್ನಾಟಕಕ್ಕೂ 100. ಮೊದಲ ದಿನವೇ ಒಂದು ಕಡೆ ದುಬಾರಿಯಾಗಿದ್ದರೆ ಆ ಸಂಗತಿ 100 ಎಂಬ ಅಂಕಿಯ ಕೆಳಗೆ ಹೂತುಹೋಗುತ್ತದೆ.

ಇದರಿಂದ ಆಗುವ ಅನ್ಯಾಯಕ್ಕೆ ಒಂದು ಉದಾಹರಣೆ ಸಾಕು. 2019ರಲ್ಲಿ ಬಂದ ಪ್ರಧಾನಮಂತ್ರಿ ಕಿಸಾನ್ ಯೋಜನೆ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ, ದೇಶದೆಲ್ಲೆಡೆ ಒಂದೇ ಮೊತ್ತ. 2022–23ರ ಕೂಲಿಯಲ್ಲಿ ಲೆಕ್ಕ ಹಾಕಿ. ಮಧ್ಯಪ್ರದೇಶದ ರೈತನಿಗೆ ಆ ಹಣದಿಂದ 26 ದಿನ ಒಬ್ಬ ಆಳು ಸಿಗುತ್ತಾನೆ, ದೇಶದ ಸರಾಸರಿಯಲ್ಲಿ 17 ದಿನ, ಕೇರಳದ ರೈತನಿಗೆ 8 ದಿನಕ್ಕೂ ಸಾಲದು. ವಿದ್ಯಾರ್ಥಿವೇತನಕ್ಕೆ ಆದಾಯದ ಮಿತಿ, ಮೀಸಲಾತಿಗೆ ಆದಾಯದ ಮಿತಿ, ಎಲ್ಲಕ್ಕೂ ಇದೇ ಕತೆ. ಉದ್ಯೋಗ ಖಾತರಿಯ ದಿನಗೂಲಿ 2024–25ರಲ್ಲಿ ಕರ್ನಾಟಕಕ್ಕೆ 349, ಕೇರಳಕ್ಕೆ 346 ಎಂದು ನಿಗದಿಯಾಗಿತ್ತು. ಕೇರಳದಲ್ಲಿ ಅದು ಮಾರುಕಟ್ಟೆಯ ಕೂಲಿಯ ಅರ್ಧವೂ ಅಲ್ಲ. ಕೊಲ್ಲಿಯ ಹಣವೂ ಇಲ್ಲದ, ದಿನಗೂಲಿಯೂ ಇಲ್ಲದ, ಎರಡು ಎಕರೆ ಅಡಿಕೆ ತೋಟವನ್ನು ನಂಬಿದ ಮನೆಯೇ ಈ ಬೆಲೆಮಟ್ಟದಲ್ಲಿ ಹೆಚ್ಚು ಸೊರಗುತ್ತದೆ. ಅವರ ಆದಾಯ ಮಂಗಳೂರಿನ ಧಾರಣೆಯಲ್ಲಿ, ಖರ್ಚು ಕೇರಳದ ಸಂಬಳದಲ್ಲಿ.

ರಾಜ್ಯದ ಸರಾಸರಿಯೂ ನಮಗೆ ಹೊಂದುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕಾಸರಗೋಡು ಉತ್ತರ ಕೇರಳದ ಜೊತೆಗೆ ಸೇರಿಹೋಗುತ್ತದೆ, ದಕ್ಷಿಣ ಕನ್ನಡ ಕರ್ನಾಟಕದ ಕರಾವಳಿ ಪ್ರದೇಶದ ಜೊತೆಗೆ. ಗಡಿ ಪಂಚಾಯತುಗಳಾದ ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ದೇಲಂಪಾಡಿಗಳ ಬೆಲೆ ಏನು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಹೋಲಿಕೆಗೆ ಇಷ್ಟು ಅನುಕೂಲವಾದ ಜಾಗ ದೇಶದಲ್ಲಿ ಅಪರೂಪ ಎಂಬುದನ್ನೂ ಗಮನಿಸಬೇಕು. ಬೆಲೆ ಹೋಲಿಸುವವರಿಗೆ ದೊಡ್ಡ ತಲೆನೋವು ಎಂದರೆ ಜನ ಕೊಳ್ಳುವ ವಸ್ತುಗಳೇ ಬೇರೆಯಾಗಿರುವುದು. ಕೊಲ್ಲಂ ಮತ್ತು ಕಲಬುರಗಿಯ ಅಡುಗೆಮನೆಗಳನ್ನು ಹೋಲಿಸುವುದು ಕಷ್ಟ. ಮಂಜೇಶ್ವರ ಮತ್ತು ಉಳ್ಳಾಲಕ್ಕೆ ಆ ತೊಂದರೆ ಇಲ್ಲ. ಎರಡೂ ಕಡೆ ಅದೇ ಕುಚ್ಚಲಕ್ಕಿ, ಅದೇ ಬಂಗುಡೆ, ಅದೇ ತೆಂಗಿನೆಣ್ಣೆ, ಅದೇ ಕೆಂಪುಕಲ್ಲಿನ ಮನೆ, ಅದೇ ಮಳೆ.

ಈ ಕೆಲಸಕ್ಕೆ ದಿಲ್ಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ, ಕಾಸರಗೋಡಿನಲ್ಲಿ ಸರಕಾರಿ ಕಾಲೇಜಿದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ, ಗಡಿಯಾಚೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಅರ್ಥಶಾಸ್ತ್ರ ಓದುವ ಮಕ್ಕಳು ತಿಂಗಳಿಗೊಮ್ಮೆ ಒಂದೇ ದಿನ ಗಡಿಯ ಎರಡೂ ಬದಿಯ ಪೇಟೆಗಳಲ್ಲಿ ನಿಂತು ಅಕ್ಕಿ, ಬಂಗುಡೆ, ತೆಂಗಿನೆಣ್ಣೆ, ಹಾಲು, ಒಂದು ಊಟ, ಒಂದು ಕ್ಷೌರ, ಒಂದು ರವಿಕೆ ಹೊಲಿಗೆ, ಆಟೋ ಬಾಡಿಗೆ, ಮೇಸ್ತ್ರಿಯ ದಿನದ ಸಂಬಳ, ಮದ್ದು ಬಿಡುವವರ ಸಂಬಳ, ಎರಡು ಕೋಣೆಯ ಮನೆಯ ಬಾಡಿಗೆ ಇಷ್ಟನ್ನು ಬರೆದುಕೊಳ್ಳಲಿ. ತೂಕ, ದರ್ಜೆ, ಅಂಗಡಿ ಪ್ರತಿ ಸಲವೂ ಅದೇ ಇರಲಿ. ಐದು ವರ್ಷ ಬಿಡದೆ ನಡೆಸಿದರೆ, ನಮ್ಮ ಜಿಲ್ಲೆಯ 13 ಲಕ್ಷ ಜನರ ಪರವಾಗಿ ಪಂಚಾಯತಿನಲ್ಲಿ, ವಿಧಾನಸಭೆಯಲ್ಲಿ, ಹಣಕಾಸು ಆಯೋಗದ ಮುಂದೆ ಇಡುವುದಕ್ಕೆ ಗಟ್ಟಿಯಾದ ಅಂಕಿಗಳು ಕೈಯಲ್ಲಿರುತ್ತವೆ. ಈ ಉಪನ್ಯಾಸದ ದತ್ತಿನಿಧಿಯ ಬಡ್ಡಿಯಲ್ಲಿ ಒಂದು ಪಾಲನ್ನು ಆ ಮಕ್ಕಳ ಬಸ್ ಖರ್ಚಿಗೆ ಮೀಸಲಿಡಬೇಕೆಂದು ಅದನ್ನು ಇರಿಸಿದ ಕುಟುಂಬದ ಹಿರಿಯರಲ್ಲಿಯೂ, ಈ ವರ್ಷವೇ ಕೆಲಸ ಆರಂಭಿಸಬೇಕೆಂದು ಅಧ್ಯಾಪಕ ಮಿತ್ರರಲ್ಲಿಯೂ ಕೈಮುಗಿದು ಕೇಳಿಕೊಳ್ಳುತ್ತೇನೆ.